ವೀಕ್ಷಣಾಲಯದಲ್ಲಿದ್ದ ನಮ್ಮ ಹುಡುಗನಿಗೆ ವಿಶೇಷ ಶಿಕ್ಷಕಿ ಸಿಕ್ಕಿದ್ದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಹುಡುಗನ ಹೆಸರು ಬರೆಯೋದಿಲ್ಲ. ಪ್ರಕರಣ ಏನು ಅಂತಲೂ ಬರೆಯೋದಿಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಹೊರಗೆ ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸೋದರಮಾವ ಅಂತ ನನಗೇನೂ ರಿಯಾಯಿತಿ ಇಲ್ಲ. ಹಾಗಾಗಿ ಇಲ್ಲಿ ಅವನು ಬರೀ ‘ಹುಡುಗ’. ವಯಸ್ಸು 16, ಹತ್ತನೇ ತರಗತಿ. ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವವನು. ಕಾನೂನು ಓದಿದವನಲ್ಲ. ಕಳೆದ ಎಂಟು ತಿಂಗಳಲ್ಲಿ ಯಾವ ಕಚೇರಿಯ ಯಾವ ಬಾಗಿಲು ಬಡಿಯಬೇಕು ಅನ್ನೋದು ಗೊತ್ತಿಲ್ಲದೆ ಸುಮ್ನೆ ಅಲೆದದ್ದೇ ಅರ್ಧ. ಇನ್ನೊಬ್ಬರ ಮನೆಯವರು ಅಷ್ಟು ಅಲೆಯೋದು ಬೇಡ ಅಂತ ಬರೆಯುತ್ತಿದ್ದೇನೆ.

ಆಗಸ್ಟ್ ಎರಡನೇ ವಾರ, ರಾತ್ರಿ ಊಟಕ್ಕೆ ಕೂತಿದ್ದೆ. ಅಕ್ಕನ ಫೋನು ಬಂತು. ‘ತಮ್ಮಾ, ಇವನ್ನ ಕರಕೊಂಡ್ ಹೋಗ್ಯಾರೊ’ ಅಂದಳು, ಮುಂದೆ ಮಾತು ಹೊರಡಲಿಲ್ಲ. ಅಕ್ಕನ ಗಂಡ ಗೋವಾದಲ್ಲಿ ಕಟ್ಟಡ ಕೆಲಸಕ್ಕಿದ್ದಾರೆ, ವರ್ಷಕ್ಕೆ ಎರಡು ಸಲ ಊರಿಗೆ ಬಂದರೆ ಜಾಸ್ತಿ. ಹಾಗಾಗಿ ಓಡಾಟ ನನ್ನ ಪಾಲಿಗೆ ಬಂತು.

24 ತಾಸಿನೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ಹಾಜರು ಮಾಡಿದರು. ಕೋರ್ಟು ಅಂದರೆ ನನ್ನ ತಲೆಯಲ್ಲಿದ್ದದ್ದು ಕಟಕಟೆ, ಕರಿ ಕೋಟು, ಸುತ್ತಿಗೆ. ಅಲ್ಲಿ ಅದೇನೂ ಇಲ್ಲ. ಒಂದು ಕೋಣೆ, ಒಂದು ಮೇಜು. ಮೇಜಿನ ಆಚೆ ಮ್ಯಾಜಿಸ್ಟ್ರೇಟ್ ಮೇಡಂ, ಅವರ ಜೊತೆಗೆ ಸಮಾಜ ಸೇವೆಯಲ್ಲಿರುವ ಇಬ್ಬರು ಸದಸ್ಯರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಲೇಬೇಕಂತೆ. ಹುಡುಗನ ಕೈಗೆ ಬೇಡಿ ಹಾಕುವಂತಿಲ್ಲ, ಕರೆತರುವ ಪೊಲೀಸರು ಸಾದಾ ಬಟ್ಟೆಯಲ್ಲಿರಬೇಕು. ಹಾಗೇ ಇದ್ದರು. ಜಾಮೀನು ಮಾತ್ರ ಅವತ್ತು ಸಿಗಲಿಲ್ಲ. ಹೊರಗೆ ಬಿಟ್ಟರೆ ಮತ್ತೆ ಅದೇ ಗೆಳೆಯರ ಕೈಗೆ ಸಿಗುತ್ತಾನೆ ಅಂತ ಮಂಡಳಿ ಹೇಳಿತು. ನಿಜ ಹೇಳಬೇಕಂದರೆ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವೀಕ್ಷಣಾಲಯಕ್ಕೆ ಕಳಿಸಿದರು. ಅದು ಜೈಲಲ್ಲ, ವಿಚಾರಣೆ ಮುಗಿಯೋವರೆಗೆ ಮಕ್ಕಳನ್ನು ಇಡುವ ಮನೆ. ಆದರೆ ಬೀಗ ಬೀಗವೇ ಅಲ್ವಾ.

ಯಾವ ವೀಕ್ಷಣಾಲಯ ಅನ್ನೋದೂ ಬೇಡ. ಹುಲಕೋಟಿ, ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು ಅಂದರೆ ಸಾಕು. ಮೊದಲ ಭೇಟಿಗೆ ಅಕ್ಕ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲ ಗಂಟು ಕಟ್ಟಿಕೊಂಡು ಬಂದಳು. ಮನೆಯ ಊಟ ಒಳಗೆ ಬಿಡೋದಿಲ್ಲ ಅಂದರು. ಮೊದಲೇ ಕೇಳಿಕೊಂಡು ಹೋಗಿ ಅಂತ ಹೇಳೋದು ಇದಕ್ಕೇ. ಆ ಗಂಟನ್ನು ಅವಳು ತೊಡೆಯ ಮೇಲಿಟ್ಟುಕೊಂಡೇ ಗದಗಿಗೆ ವಾಪಸ್ ಬಂದಳು. ನನಗೆ ಒಂದು ರೊಟ್ಟಿ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಅವತ್ತೇ ಹುಡುಗನನ್ನು ಕೇಳಿದೆ, ಇಲ್ಲಿ ಸಾಲಿ ಐತೇನು ಅಂತ. ‘ಐತಿ ಮಾಮಾ’ ಅಂದ. ಒಂದೇ ಕೋಣೆ. ಏಳನೇ ತರಗತಿಗೆ ಬಿಟ್ಟವನು, ಹತ್ತು ಓದುವವನು, ಶಾಲೆ ಮುಖವನ್ನೇ ನೋಡದವನು ಎಲ್ಲ ಒಟ್ಟಿಗೆ. ಮಾಸ್ತರು ಒಬ್ಬರು, ಒಳ್ಳೆಯವರು, ಪಾಠ ಓದಿ ಹೇಳುತ್ತಾರೆ, ಹಲಗೆ ಮೇಲೆ ಬರೆಯುತ್ತಾರೆ. ಇವನು ಹಿಂದೆ ಗೋಡೆಗೆ ಒರಗಿ ಕೂರುತ್ತಾನೆ. ಏನು ಬರಕೊಂಡಿ ಅಂತ ಕೇಳಿದರೆ ನೆಲ ನೋಡಿದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹುಡುಗ ದಡ್ಡ ಅಲ್ಲ. ಒಂಬತ್ತನೇ ವಯಸ್ಸಿಗೆ ಹಾಳಾದ ಮಿಕ್ಸಿ ಬಿಚ್ಚಿ ಜೋಡಿಸಿದವನು. ಸಂತೆ ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಆದರೆ ಪುಸ್ತಕ ಕೈಗೆ ಕೊಟ್ಟರೆ ಬೆವರುತ್ತಾನೆ. ‘ಮ’ ಮತ್ತು ‘ವ’ ಅದಲುಬದಲು. ‘ಪ’ ಮತ್ತು ‘ಷ’ ಒಂದೇ. ‘ಮರ’, ‘ಗಿಡ’ ಹೇಗೋ ಓದುತ್ತಾನೆ, ‘ಕಷ್ಟ’, ‘ರಾಷ್ಟ್ರ’ ಬಂದರೆ ಮುಗಿಯಿತು, ಒತ್ತಕ್ಷರ ಕಂಡರೆ ಎದ್ದು ಹೋಗುತ್ತಾನೆ. ಹಳೆ ಕಾಲದ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು ಅಕ್ಷರವನ್ನು ಉಲ್ಟಾ ನೋಡಿಯೇ ಓದುತ್ತಿದ್ದರು, ನಾನು ಕೆಲಸಕ್ಕೆ ಸೇರಿದಾಗ ಅಂಥ ಹಿರಿಯರು ಒಬ್ಬರಿದ್ದರು. ಅಂಥವರ ಪಕ್ಕದಲ್ಲಿ ಕೂತು ಕೆಲಸ ಕಲಿತ ನನಗೇ, ನನ್ನ ಅಳಿಯನಿಗೆ ಅಕ್ಷರ ಬೇರೆ ಥರ ಕಾಣುತ್ತಿರಬಹುದು ಅಂತ ಹೊಳೆಯಲಿಲ್ಲ. ಆಲಸಿ ಅಂದುಕೊಂಡೆ. ಶಾಲೆಯಲ್ಲಿ ಹೊಡೆತ ತಿಂದ. ಮನೆಯಲ್ಲೂ ತಿಂದ. ನಾನೂ ಎರಡು ಸಲ ಹೊಡೆದಿದ್ದೇನೆ. ಎಂಟನೇ ತರಗತಿಯಿಂದ ಶಾಲೆ ತಪ್ಪಿಸೋದು ಶುರುವಾಯಿತು, ಶಾಲೆ ತಪ್ಪಿಸಿದವನಿಗೆ ಯಾರು ಗೆಳೆಯರಾಗಿ ಸಿಗುತ್ತಾರೆ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತನೇ ಪರೀಕ್ಷೆ ಮುಂದೆ ಇತ್ತು. ಹೀಗಾಗಿ ನಾನು ಕೇಳೋಕೆ ಶುರು ಮಾಡಿದೆ. ಮೊದಲು ವೀಕ್ಷಣಾಲಯದಲ್ಲಿ ಕೇಳಿದೆ, ಇವನಿಗೆ ಬೇರೆ ಥರ ಕಲಿಸುವವರು ಯಾರಾದರೂ ಬರಬಹುದಾ ಅಂತ. ‘ಎಲ್ಲಾರಿಗೂ ಒಬ್ರ ಮಾಸ್ತರ ಅದಾರ್ರಿ. ಓದಾಂವ ಓದ್ತಾನ’ ಅಂದರು ಸಿಬ್ಬಂದಿ. ಮಕ್ಕಳ ರಕ್ಷಣಾ ಘಟಕಕ್ಕೆ ಹೋದೆ, ಅದು ಶಿಕ್ಷಣ ಇಲಾಖೆಯದು ಅಂದರು. ಶಿಕ್ಷಣ ಇಲಾಖೆಗೆ ಹೋದೆ, ಹುಡುಗ ಮಂಡಳಿಯ ಕಸ್ಟಡಿಯಲ್ಲಿದ್ದಾನೆ, ನಾವು ಹೇಗೆ ಒಳಗೆ ಹೋಗೋದು ಅಂದರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ಕೆಲವರು ಚಹಾ ಕೊಟ್ಟರು. ಆದರೆ ಮೂರು ವಾರ ಹೋಯಿತು, ಒಂದು ಹಾಳೆ ಅಲುಗಲಿಲ್ಲ. ಆ ನಡುವೆ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, ಮನೆಗೆ ಬಂದು ಅಕ್ಕನನ್ನು ಮಾತಾಡಿಸಿ ಸಾಮಾಜಿಕ ತನಿಖಾ ವರದಿ ಬರೆದುಕೊಂಡು ಹೋಗಿದ್ದರು. ಮೊದಲ ಹಾಜರಿಯಿಂದ 15 ದಿನದೊಳಗೆ ಅದು ಮಂಡಳಿಗೆ ಹೋಗಬೇಕು. ಅದರಲ್ಲಿ ಶಿಕ್ಷಣದ ಎದುರಿಗೆ ಒಂದು ಸಾಲು ಇತ್ತು: ‘ಓದಲು ಆಸಕ್ತಿ ಇಲ್ಲ’.

ಅಕ್ಕ ಹಾಗೇ ಹೇಳಿದ್ದಳು, ಅವರು ಹಾಗೇ ಬರೆದುಕೊಂಡಿದ್ದರು. ತಪ್ಪು ಯಾರದೂ ಅಲ್ಲ. ಆದರೆ ಆ ಮೂರು ಪದ ಫೈಲಿನಲ್ಲಿ ಇರೋವರೆಗೆ ಇವನಿಗೆ ವಿಶೇಷ ಶಿಕ್ಷಣ ಅಂತ ಯಾರೂ ಯೋಚನೆ ಮಾಡೋದಿಲ್ಲ ಅನ್ನೋದು ನನಗೆ ಆಮೇಲೆ ತಿಳಿಯಿತು. ನಿಮ್ಮ ಮನೆಗೆ ಪರಿವೀಕ್ಷಣಾಧಿಕಾರಿ ಬಂದಾಗ ದಯವಿಟ್ಟು ಯೋಚಿಸಿ ಹೇಳಿ. ‘ಓದೂದಿಲ್ರಿ’ ಅನ್ನಬೇಡಿ. ಏನು ಓದಲಾಗೋದಿಲ್ಲ, ಯಾವ ತರಗತಿಯಿಂದ, ಬರೆಯೋಕೆ ಎಷ್ಟು ಹೊತ್ತು, ಲೆಕ್ಕ ಬಾಯಲ್ಲಿ ಬರುತ್ತದಾ, ಎಲ್ಲ ಹೇಳಿ. ಹಳೆ ನೋಟ್‌ಬುಕ್ ಇದ್ದರೆ ತೋರಿಸಿ. ಹಳೆ ನೋಟ್‌ಬುಕ್ ರದ್ದಿಗೆ ಹಾಕಬೇಡಿ, ನಮ್ಮ ಅಕ್ಕ ಹಾಕಿದ್ದಳು, ಪುಣ್ಯಕ್ಕೆ ಅಟ್ಟದ ಮೇಲೆ ಏಳನೇ ತರಗತಿಯ ಎರಡು ಸಿಕ್ಕವು.

ಸೆಪ್ಟೆಂಬರ್ ಕೊನೆಗೆ ಯಾರೋ ಹೇಳಿದರು ಅಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಮೊದಲ ದಿನವೇ ಹೋಗಬೇಕಿತ್ತು. ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಅಲ್ಲಿ ವಕೀಲರು ಪುಕ್ಕಟೆ, ಆದಾಯ ಎಷ್ಟು ಅಂತ ಕೇಳೋ ಹಾಗಿಲ್ಲ. ಫೋನ್ ಮಾಡೋದಾದರೆ 15100. ಅಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರು, ಅರೆ ಕಾನೂನು ಸ್ವಯಂಸೇವಕಿ, ನನ್ನ ಕಥೆ ಪೂರಾ ಕೇಳಿ ಒಂದೇ ಮಾತು ಅಂದರು: ‘ಬಾಯಿಲೆ ಹೇಳಿದ್ರ ಗಾಳಿಗೆ ಹೋಕ್ಕೈತ್ರಿ ಅಣ್ಣಾರ. ಬರದು ಕೊಡ್ರಿ, ಫೈಲಿನ್ಯಾಗ ಕುಂದರ್ತೈತಿ.’

ಆಮೇಲೆ 2015ರ ಬಾಲ ನ್ಯಾಯ ಕಾಯ್ದೆಯ ಪುಸ್ತಕ ತೆಗೆದು 53ನೇ ಸೆಕ್ಷನ್ ತೋರಿಸಿದರು. ಇಂಥ ಸಂಸ್ಥೆಗಳಲ್ಲಿರುವ ಮಕ್ಕಳಿಗೆ ಏನೇನು ಕೊಡಬೇಕು ಅನ್ನೋ ಪಟ್ಟಿ ಅದು. ಊಟ, ಬಟ್ಟೆ, ಔಷಧದ ಜೊತೆಗೆ ಶಿಕ್ಷಣವೂ ಇದೆ, ಅದರಲ್ಲಿ ವಿಶೇಷ ಶಿಕ್ಷಣ ಅಂತ ಬಿಡಿಸಿಯೇ ಬರೆದಿದ್ದಾರೆ. ನಾನು ಇಷ್ಟು ದಿನ ಉಪಕಾರ ಕೇಳುವವನ ಥರ ಕೈ ಕಟ್ಟಿಕೊಂಡು ನಿಂತಿದ್ದೆ. ಜೊತೆಗೆ ಪ್ರತಿ ಮಗುವಿಗೂ ಒಂದು ವೈಯಕ್ತಿಕ ಪಾಲನಾ ಯೋಜನೆ ಅಂತ ಮಾಡಬೇಕು, ಕೇಂದ್ರದ 2016ರ ಮಾದರಿ ನಿಯಮಗಳಲ್ಲಿ ಅದು ಫಾರಂ 7. ಆ ಯೋಜನೆಯಲ್ಲಿ ವಿಶೇಷ ಶಿಕ್ಷಣ ಬೇಕು ಅಂತ ಸೇರಿದರೆ ಮಾತ್ರ ಮುಂದಿನ ಕೆಲಸ ನಡೆಯುತ್ತದೆ. ಸೇರಿಸೋಕೆ ಮಂಡಳಿಗೆ ಅರ್ಜಿ ಹಾಕಬೇಕು.

ಅರ್ಜಿ ಒಂದೇ ಪುಟ. ಮಾದರಿ ಯಾರೂ ಕೊಡೋದಿಲ್ಲ, ಆದ್ದರಿಂದ ನಾವು ಏನು ಕೇಳಿದೆವು ಹೇಳುತ್ತೇನೆ. ಹುಡುಗನಿಗೆ ಕಲಿಕಾ ನ್ಯೂನತೆ ಇರುವ ಅನುಮಾನ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಲು ಆದೇಶ ಬೇಕು. ಪಾಲನಾ ಯೋಜನೆಯಲ್ಲಿ ವಿಶೇಷ ಶಿಕ್ಷಣ ಸೇರಿಸಬೇಕು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ವಿಶೇಷ ಶಿಕ್ಷಕರನ್ನು ವೀಕ್ಷಣಾಲಯಕ್ಕೆ ಕಳಿಸಲು ಶಿಕ್ಷಣ ಇಲಾಖೆಗೆ ಪತ್ರ ಹೋಗಬೇಕು. ಶಾಲೆಯ ಹೆಸರು ತೆಗೆದುಹಾಕದಂತೆ ಹೇಳಬೇಕು. ಜೊತೆಗೆ ಎರಡು ನೋಟ್‌ಬುಕ್ಕಿನ ಝೆರಾಕ್ಸ್, ಆಧಾರ್, ಶಾಲೆಯ ದೃಢೀಕರಣ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ಆ ಸೀಲು ಬಿದ್ದ ಪ್ರತಿಯನ್ನು ನಾನು ಮುಂದೆ ಹನ್ನೊಂದು ಕಡೆ ತೋರಿಸಿದ್ದೇನೆ.

ಅಕ್ಟೋಬರ್ ಮೊದಲ ವಾರ ಮಂಡಳಿ ಕೂತಾಗ ನಮ್ಮ ಅರ್ಜಿ ಬಂತು. ಸದಸ್ಯೆಯೊಬ್ಬರು ಹುಡುಗನನ್ನು ಹತ್ತಿರ ಕರೆದು ಕನ್ನಡ ಪಠ್ಯಪುಸ್ತಕದ ಒಂದು ಪುಟ ಕೊಟ್ಟು, ಓದಪ್ಪ ಅಂದರು. ಅವನು ಪುಸ್ತಕ ಹಿಡಿದುಕೊಂಡು ನಿಂತ. ಒಂದು ನಿಮಿಷ ಆಗಿರಬೇಕು. ‘ತ...ಲೆ... ಅಲ್ಲ, ತಾಯಿ’ ಅಂದ. ಊಹೆ ಮಾಡುತ್ತಿದ್ದ. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು. ಎಲ್ಲರ ಮುಂದೆ ಹೀಗೆ ಯಾಕೆ ನಿಲ್ಲಿಸುತ್ತಾರೆ ಅಂತ ಸಿಟ್ಟೂ ಬಂತು. ಅಷ್ಟರಲ್ಲಿ ಅವರು ಪುಸ್ತಕ ವಾಪಸ್ ತೆಗೆದುಕೊಂಡು ತಾವೇ ಆ ಪ್ಯಾರಾ ಓದಿ, ಏನು ಅರ್ಥ ಆಯಿತು ಹೇಳು ಅಂದರು. ಹುಡುಗ ಪೂರಾ ಹೇಳಿದ. ಮೇಡಂ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಮ್ಯಾಜಿಸ್ಟ್ರೇಟ್ ಕೇಳಿದರು, ಮೊದಲ ದಿನ ನಿನ್ನ ಕೈಗೆ ಕೊಟ್ಟ ಕಾಗದ ಓದಿ ಸಹಿ ಹಾಕಿದೆಯಾ ಅಂತ. ಅವನು ತಲೆ ಅಲ್ಲಾಡಿಸಿದ. ಓದಿರಲಿಲ್ಲ. ಯಾರು ಏನು ಕೊಟ್ಟರೂ ‘ಹೂಂ ಓದೇನಿ’ ಅನ್ನೋದು ಅವನ ಹಳೆ ಚಟ. ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ನಮ್ಮ ವಕೀಲರು ಅದನ್ನು ಬರೆದುಕೊಂಡರು. ಅಂಥ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಮೊದಲ ದಿನವೇ ವಕೀಲರಿಗೆ ಹೇಳಿ: ಇವನಿಗೆ ಓದಿ ಹೇಳಬೇಕು, ಕೊಟ್ಟು ಸಹಿ ಮಾಡಿಸಬಾರದು.

ಅವತ್ತೇ ಆದೇಶ ಆಯಿತು. ನನಗೆ ಕೆಲಸ ಮುಗಿದೇ ಹೋಯಿತು ಅನಿಸಿತ್ತು.

ಆಸ್ಪತ್ರೆಯ ವಿಷಯ. ಆದೇಶಕ್ಕೂ ಮೊದಲು ನಾನು ಹುಬ್ಬಳ್ಳಿಯಲ್ಲಿ ಒಬ್ಬ ಖಾಸಗಿ ಮನಶ್ಶಾಸ್ತ್ರಜ್ಞರನ್ನು ವಿಚಾರಿಸಿದ್ದೆ, 4,000 ರೂಪಾಯಿ ಅಂದಿದ್ದರು. ಕೊಟ್ಟಿದ್ದರೆ ನೀರಿಗೆ ಹಾಕಿದ ಹಾಗೆ. ಅಂಗವಿಕಲ ಪ್ರಮಾಣಪತ್ರಕ್ಕೆ ಸರ್ಕಾರ ಗುರುತಿಸಿದ ವೈದ್ಯಕೀಯ ಪ್ರಾಧಿಕಾರವೇ ಬೇಕು. ನಮ್ಮ ಭಾಗದಲ್ಲಿ ಗದಗದ ಜಿಮ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್ ಈ ಸರ್ಕಾರಿ ಆಸ್ಪತ್ರೆಗಳಿವೆ, ಎಲ್ಲಿ ಯಾವ ವಾರ ಈ ಪರೀಕ್ಷೆ ಮಾಡುತ್ತಾರೆ ಅಂತ ಹೋಗುವ ಮೊದಲು ಕೇಳಿಕೊಳ್ಳಿ. ನಾವು ಯಾವುದಕ್ಕೆ ಹೋದೆವು ಅನ್ನೋದನ್ನು ಬಿಡೋಣ. ಮೊದಲ ತಾರೀಕು ಸಿಕ್ಕಿತು. ಅವತ್ತು ಬೆಳಿಗ್ಗೆ ಏಳಕ್ಕೆ ಗದಗ ಬಿಟ್ಟು, ಒಂಬತ್ತೂವರೆಗೆ ಆಸ್ಪತ್ರೆ ಬಾಗಿಲಲ್ಲಿ ನಿಂತೆ. ಹನ್ನೊಂದಾಯಿತು, ಹನ್ನೆರಡಾಯಿತು, ಹುಡುಗ ಬರಲಿಲ್ಲ. ಫೋನು ಮಾಡಿದರೆ, ಕರೆತರೋಕೆ ಪೊಲೀಸ್ ಸಿಬ್ಬಂದಿ ಇಲ್ಲ, ಎಲ್ಲ ದಸರಾ ಬಂದೋಬಸ್ತಿಗೆ ಹೋಗಿದ್ದಾರೆ ಅಂದರು. ಮುಂದಿನ ತಾರೀಕು 19 ದಿನಕ್ಕೆ. ಆಸ್ಪತ್ರೆ ಹೊರಗಿನ ಗಾಡಿಯಲ್ಲಿ ಒಂದು ಪ್ಲೇಟ್ ಗಿರಮಿಟ್ ತಗೊಂಡು ಅರ್ಧ ತಿಂದು ಬಿಟ್ಟೆ. ಇಷ್ಟೆಲ್ಲ ಓಡಾಟದಲ್ಲಿ ಎಲ್ಲ ಬಿಟ್ಟುಬಿಡೋಣ ಅಂತ ನಿಜವಾಗಿ ಅನಿಸಿದ್ದು ಆ ಒಂದು ಮಧ್ಯಾಹ್ನ. ಅದಕ್ಕೇ ಹೇಳೋದು: ತಾರೀಕು ಸಿಕ್ಕ ತಕ್ಷಣ ವೀಕ್ಷಣಾಲಯದ ಅಧೀಕ್ಷಕರಿಗೆ ಬರೆದು ಕೊಡಿ, ಬೆಂಗಾವಲಿಗೆ ಪತ್ರ ಹೋಯಿತಾ ಅಂತ ಮೂರು ದಿನ ಮೊದಲು ಒಂದು ಸಲ, ಹಿಂದಿನ ಸಂಜೆ ಒಂದು ಸಲ ಕೇಳಿ. ಹಬ್ಬ, ಚುನಾವಣೆ, ಮಂತ್ರಿ ಭೇಟಿ ಇರೋ ವಾರ ಬೇಡವೇ ಬೇಡ.

ಎರಡನೇ ಸಲ ಬಂದ. ಸಾದಾ ಅಂಗಿಯ ಪೊಲೀಸಪ್ಪ ಜೊತೆಗೆ, ನೋಡಿದವರು ಕಾಕಾ ಅಂತಲೇ ತಿಳಿಯಬೇಕು. ಪರೀಕ್ಷೆ ಅಂದರೆ ಒಂದೇ ದಿನದ ಕೆಲಸ ಅಲ್ಲ. ಕೇಂದ್ರದ ಮಾರ್ಗಸೂಚಿಯ ಹಾಗೆ ಹೋಗುತ್ತಾರೆ. ಮೊದಲು ಕಣ್ಣು, ಕಿವಿ ಸರಿ ಇದೆಯಾ ಅಂತ ನೋಡುತ್ತಾರೆ. ಆಮೇಲೆ ಬುದ್ಧಿಮಟ್ಟದ ಪರೀಕ್ಷೆ. ಅದರಲ್ಲಿ ಬುದ್ಧಿಮಟ್ಟ ಸರಿ ಇದೆ ಅಂತ ಬಂದರೆ ಮಾತ್ರ ಕಲಿಕಾ ನ್ಯೂನತೆಯ ಪರೀಕ್ಷೆ, ಅದು ನಿಮ್ಹಾನ್ಸ್‌ನವರು ರೂಪಿಸಿದ್ದು. ಓದೋದು, ಬರೆಯೋದು, ಕಾಗುಣಿತ, ಲೆಕ್ಕ, ನೋಡಿ ನಕಲು ಮಾಡೋದು, ನೆನಪು. ನಮಗೆ ಎರಡು ಸಲ ಕೂರಬೇಕಾಯಿತು, ನಡುವೆ ಎಂಟು ದಿನ. ಮಗುವಿಗೆ ಹೊಟ್ಟೆ ತುಂಬಿರಲಿ, ರಾತ್ರಿ ನಿದ್ದೆ ಆಗಿರಲಿ. ಒಳಗಿನ ಮಕ್ಕಳಿಗೆ ಬೆಳಿಗ್ಗೆ ಬೇಗ ಎಬ್ಬಿಸಿ ಖಾಲಿ ಹೊಟ್ಟೆಯಲ್ಲೇ ಜೀಪು ಹತ್ತಿಸುವುದು ಉಂಟು, ನಾನು ಬಾಳೆಹಣ್ಣು ಒಯ್ದಿದ್ದೆ, ಪೊಲೀಸಪ್ಪ ಬೇಡ ಅನ್ನಲಿಲ್ಲ.

ಎರಡನೇ ದಿನ ಕೊನೆಗೆ ಮೇಡಂ ನಮ್ಮನ್ನು ಕೂರಿಸಿ ಹೇಳಿದರು. ಬುದ್ಧಿ ಚೆನ್ನಾಗಿದೆ, ಓದುವ ಬರೆಯುವ ದಾರಿಯಲ್ಲಿ ತೊಡಕಿದೆ, ಅದು ಹುಟ್ಟಿನಿಂದ ಬಂದದ್ದು, ಅವನು ಬೇಕಂತ ಮಾಡಿದ್ದಲ್ಲ ಅಂತ. ಹುಡುಗ ಕೇಳಿಸಿಕೊಂಡ. ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ನಿಂತು ಕೇಳಿದ, ‘ಮಾಮಾ, ಹಂಗಾರ ಇಷ್ಟ್ ವರ್ಷ ಹೊಡ್ತಾ ಯಾಕ ತಿಂದ್ನಿ ನಾ?’

ನಾನು ಏನೂ ಹೇಳಲಿಲ್ಲ. ಜೀಪು ಬಂತು.

ಪ್ರಮಾಣಪತ್ರಕ್ಕೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ಹಾಕಬೇಕು. ಶುಲ್ಕ ಇಲ್ಲ. ಆದರೆ ನಮಗೆ ಎರಡು ಅಡ್ಡಿ ಬಂದವು. ಒಂದು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಹುಡುಗನ ಅಪ್ಪನ ಹಳೆ ಸಿಮ್‌ದು, ಆ ಸಿಮ್ಮು ಯಾವಾಗಲೋ ಬಂದ್ ಆಗಿದೆ. ಒಟಿಪಿ ಯಾರ ಮೊಬೈಲಿಗೆ ಹೋಗುತ್ತಿತ್ತೋ ದೇವರೇ ಬಲ್ಲ. ನಂಬರು ಬದಲಿಸಬೇಕಂದರೆ ಆಗ ಹುಡುಗನೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಕೊಡಬೇಕಿತ್ತು. ಒಳಗಿರುವವನು ಹೇಗೆ ಹೋಗುತ್ತಾನೆ? ಮತ್ತೆ ಮಂಡಳಿಗೆ ಅರ್ಜಿ, ಮತ್ತೆ ಬೆಂಗಾವಲು, ಮತ್ತೆ ಎಂಟು ದಿನ. ಆಸ್ಪತ್ರೆಗೆ ಬರುವ ದಿನವೇ ಇದನ್ನೂ ಮುಗಿಸಬಹುದಿತ್ತು, ಯಾರೂ ಹೇಳಲಿಲ್ಲ, ನಿಮಗೆ ನಾನು ಹೇಳುತ್ತಿದ್ದೇನೆ. ಇನ್ನೊಂದು, ಹುಡುಗನ ವಿಳಾಸ ಒಂದು ಜಿಲ್ಲೆ, ಆಸ್ಪತ್ರೆ ಇನ್ನೊಂದು ಜಿಲ್ಲೆ, ನಿಮ್ಮ ಜಿಲ್ಲೆಯಲ್ಲೇ ಮಾಡಿಸಿಕೊಳ್ಳಿ ಅಂದರು. ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲೂ ಅರ್ಜಿ ಹಾಕಬಹುದು ಅಂತ ಅಂಗವಿಕಲರ ಹಕ್ಕುಗಳ ನಿಯಮದಲ್ಲಿದೆ, ನಮ್ಮ ವಕೀಲರು ಅದನ್ನು ಪ್ರಿಂಟ್ ತೆಗೆದು ಮಂಡಳಿಯ ಆದೇಶದ ಜೊತೆ ಪಿನ್ ಹೊಡೆದು ಕೊಟ್ಟರು. ಆಮೇಲೆ ಮಾತಿಲ್ಲ.

ವಿಶೇಷ ಶಿಕ್ಷಕರಿಗೆ ಪ್ರಮಾಣಪತ್ರ ಬರೋವರೆಗೆ ಕಾಯಬೇಡಿ. ನಾವು ಮಂಡಳಿಯ ಆದೇಶ ಹಿಡಿದುಕೊಂಡೇ ಬಿಆರ್‌ಸಿ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದ ಕಚೇರಿಗೆ ಹೋದೆವು. ಪ್ರತಿ ಬ್ಲಾಕಿನಲ್ಲಿ ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸೋದು ಅವರ ಕೆಲಸ, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ. ಇಲ್ಲಿ ಜಗಳ ಏನಂದರೆ, ಹುಡುಗನ ಶಾಲೆ ಇರೋ ತಾಲೂಕು ಒಂದು, ವೀಕ್ಷಣಾಲಯ ಇರೋ ತಾಲೂಕು ಇನ್ನೊಂದು. ಇವರು ಅವರ ಕಡೆ, ಅವರು ಇವರ ಕಡೆ. ಎರಡು ವಾರ ನಾನು ಶಟಲ್ ಕಾಕ್. ಕೊನೆಗೆ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯೊಬ್ಬರು ಎರಡೂ ಕಡೆ ಫೋನು ಹಚ್ಚಿ, ಮಗು ಈಗ ಎಲ್ಲಿ ಮಲಗುತ್ತಾನೋ ಆ ತಾಲೂಕಿನವರೇ ಹೋಗಿ ಅಂದರು. ಮುಗಿಯಿತು. ಇಷ್ಟೇ ಮಾತು, ಇದಕ್ಕೆ ಎರಡು ವಾರ.

ನವೆಂಬರ್ ಎರಡನೇ ವಾರದಿಂದ ಅಕ್ಕೋರು, ಅಂದರೆ ಆ ವಿಶೇಷ ಶಿಕ್ಷಕಿ, ಬರೋಕೆ ಶುರು ಮಾಡಿದರು, ವಾರಕ್ಕೆ ಎರಡು ದಿನ, ಒಂದೂವರೆ ತಾಸು. ಅವರ ಬಗ್ಗೆ ಜಾಸ್ತಿ ಬರೆಯಬೇಕು ಅನಿಸುತ್ತದೆ. ಮೊದಲ ದಿನ ಪುಸ್ತಕವನ್ನೇ ತೆಗೆಯಲಿಲ್ಲವಂತೆ. ಮಿಕ್ಸಿ ಬಿಚ್ಚೋದು ಹೇಗೆ ಅಂತ ಕೇಳಿದರಂತೆ, ಅವನು ಹೇಳಿದ್ದನ್ನು ಅವನದೇ ಮಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರಂತೆ, ಅದೇ ಅವನ ಮೊದಲ ಪಾಠ. ತಾನೇ ಆಡಿದ ಮಾತು ಅಲ್ವಾ, ಮುಂದೆ ಯಾವ ಪದ ಬರುತ್ತದೆ ಅಂತ ಅವನಿಗೆ ಗೊತ್ತು. ಒತ್ತಕ್ಷರವನ್ನು ಬೇರೆ ಬಣ್ಣದಲ್ಲಿ ಬರೆದರು. ಉಸುಕಿನ ಕಾಗದದ ಮೇಲೆ ‘ಮ’, ‘ವ’ ಕತ್ತರಿಸಿ ಬೆರಳಾಡಿಸೋಕೆ ಹಚ್ಚಿದರು. ಇನ್ನೊಂದು ಉಪಾಯ, ದಪ್ಪ ಕಾಗದದಲ್ಲಿ ಒಂದೇ ಸಾಲು ಕಾಣುವಷ್ಟು ಕಿಟಕಿ ಕೊರೆದು ಪುಟದ ಮೇಲೆ ಇಟ್ಟುಕೊಂಡು ಓದೋದು. ಪುಟ ತುಂಬ ಸಾಲು ಕಂಡರೆ ಅವನ ಕಣ್ಣು ಜಾರುತ್ತದೆ, ಒಂದೇ ಸಾಲಾದರೆ ನಿಲ್ಲುತ್ತದೆ. ಅಕ್ಕೋರು ನನಗೆ ಅಳತೆ ಕೊಟ್ಟರು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೆ ಬಂದ ದಪ್ಪ ಕಾಗದದ ತುಂಡು ಯಾವಾಗಲೂ ಬಿದ್ದಿರುತ್ತವೆ, ಮಾಲೀಕರನ್ನು ಕೇಳಿ ಸಂಜೆ ಕೂತು 20 ಕಿಟಕಿ ಕಾರ್ಡು ಕತ್ತರಿಸಿದೆ. ಇವನಿಗೆ ಎರಡು ಸಾಕಿತ್ತು. ಮುಂದಿನ ಭೇಟಿಗೆ ಹೋದರೆ 20ಕ್ಕೆ 20 ಖಾಲಿ. ‘ಉಳದ್ ಹುಡುಗ್ರೂ ಇಸ್ಕೊಂಡ್ರು ಮಾಮಾ, ಅವರಿಗೂ ಹಂಗ ಆಕ್ಕೈತಂತ’ ಅಂದ.

ಒಳಗೆ ಏನು ಬಿಡುತ್ತಾರೆ, ಏನು ಬಿಡೋದಿಲ್ಲ ಅನ್ನೋದನ್ನೂ ತಿಳಿದುಕೊಳ್ಳಿ. ನಾವು ಕೊಟ್ಟ ಕಂಪಾಸ್ ಪೆಟ್ಟಿಗೆಯಿಂದ ಕೈವಾರ, ವಿಭಾಜಕ ಎರಡನ್ನೂ ತೆಗೆದಿಟ್ಟರು, ಚೂಪು ಅಂತ. ರೇಖಾಗಣಿತ ಬಳೆ ಇಟ್ಟು ಗೆರೆ ಎಳೆದು ಕಲಿತ. ಮೊಬೈಲ್ ಬಿಡೋದಿಲ್ಲ, ಆದರೆ ಇವನಿಗೆ ಕೇಳಿ ಕಲಿಯೋದು ಸುಲಭ. ಅಧೀಕ್ಷಕರಿಗೆ ಬರೆದು ಕೇಳಿದ್ದಕ್ಕೆ ಪೆನ್ ಡ್ರೈವ್‌ನಲ್ಲಿ ಪಾಠ ಹಾಕಿಕೊಟ್ಟರೆ ಟಿವಿಯಲ್ಲಿ ಹಚ್ಚುತ್ತೇವೆ ಅಂದರು. ಸಮಾಜ ವಿಜ್ಞಾನದ ಪಾಠಗಳನ್ನು ನನ್ನ ಮಗಳು ಓದಿ ರೆಕಾರ್ಡ್ ಮಾಡಿದಳು, ಏಳನೇ ತರಗತಿಯವಳು, ನಡುನಡುವೆ ನಮ್ಮ ಮನೆಯ ಕುಕ್ಕರ್ ಸೀಟಿ ಕೇಳುತ್ತದೆ.

ಶಾಲೆಯ ಕಡೆ. ಮೂರು ತಿಂಗಳು ಹುಡುಗ ಬಂದಿಲ್ಲ ಅಂತ ಹೆಸರು ಹೊಡೆಯೋ ಹಂತಕ್ಕೆ ಬಂದಿದ್ದರು, ಹಾಜರಿ 75 ಪ್ರತಿಶತ ಬೇಕು ಅನ್ನೋದು ಅವರ ಚಿಂತೆ. ಎಲ್ಲಿದ್ದಾನೆ ಅಂತ ಕೇಳಿದರು. ಓಣಿಯಲ್ಲಿ ನಾವು ಹಾಸ್ಟೆಲ್‌ನಲ್ಲಿದ್ದಾನೆ ಅಂತ ಹೇಳಿದ್ದೆವು, ಶಾಲೆಗೆ ಹಾಗೆ ಸುಳ್ಳು ಹೇಳೋಕಾಗೋದಿಲ್ಲ. ಮಂಡಳಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ ಹೋದ ಪತ್ರದಲ್ಲಿ ಪ್ರಕರಣದ ಒಂದಕ್ಷರ ಇರಲಿಲ್ಲ, ಮಗು ಸರ್ಕಾರಿ ಸಂಸ್ಥೆಯಲ್ಲಿ ಓದುತ್ತಿದ್ದಾನೆ, ಅಲ್ಲಿನ ಹಾಜರಿ ಕಳಿಸುತ್ತೇವೆ, ಹೆಸರು ಮುಂದುವರಿಸಿ ಅಂತ ಅಷ್ಟೇ. ಮುಖ್ಯೋಪಾಧ್ಯಾಯರು ಓದಿ ಮಡಚಿ ಡ್ರಾಯರಿಗೆ ಹಾಕಿದರು, ಮುಂದೆ ಕೇಳಲಿಲ್ಲ. ನೀವೂ ಪತ್ರ ಹೀಗೇ ಬರಲಿ ಅಂತ ಕೇಳಿಕೊಳ್ಳಿ. ಇಂಥ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟಬಾರದು ಅನ್ನೋದು 24ನೇ ಸೆಕ್ಷನ್ನಿನ ಉದ್ದೇಶ.

ಡಿಸೆಂಬರ್ ಮಧ್ಯಕ್ಕೆ ಜಾಮೀನು ಆಯಿತು. ಅವನು ಪಾಠಕ್ಕೆ ಕೂರುತ್ತಿದ್ದಾನೆ ಅನ್ನೋ ವರದಿಯೂ ಮಂಡಳಿ ಮುಂದಿತ್ತು, ಅದು ಎಷ್ಟು ಕೆಲಸ ಮಾಡಿತೋ ಗೊತ್ತಿಲ್ಲ. ಅಂತಿಮ ಆದೇಶ ಜನವರಿಯಲ್ಲಿ ಬಂತು. ಅದರ ಮಾತು ಇಲ್ಲಿ ಬೇಡ.

ಪರೀಕ್ಷೆಗೆ ಸ್ಕ್ರೈಬ್ ಬೇಕು, ಅಂದರೆ ಇವನು ಹೇಳಿದ್ದನ್ನು ಬರೆಯುವವರು. ಇವನಿಗಿಂತ ಕೆಳಗಿನ ತರಗತಿಯವರಾಗಿರಬೇಕು, ಒಂಬತ್ತನೇ ತರಗತಿಯ ಒಬ್ಬ ಹುಡುಗ ಒಪ್ಪಿದ. ತಾಸಿಗೆ 20 ನಿಮಿಷದಂತೆ ಹೆಚ್ಚಿನ ಸಮಯ. ಎರಡನೇ, ಮೂರನೇ ಭಾಷೆಗಳಿಂದ ವಿನಾಯಿತಿಯ ಮಾತೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ, ಆದರೆ ನಮ್ಮ ಪ್ರಮಾಣಪತ್ರ ಕೈಗೆ ಬರೋ ಹೊತ್ತಿಗೆ ಶಾಲೆಯ ನೋಂದಣಿ ಮುಗಿದಿತ್ತು, ಹಿಂದಿಯನ್ನೂ ಬರೆಯಬೇಕಾಯಿತು. ಆ ಒಟಿಪಿಯ ಎಂಟು ದಿನ ಉಳಿದಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ಇನ್ನೊಂದು, ಸ್ಕ್ರೈಬ್ ಸಿಕ್ಕರೆ ಆಯಿತು ಅಂದುಕೊಳ್ಳಬೇಡಿ. ಹೇಳಿ ಬರೆಸೋದು ಬೇರೆಯೇ ವಿದ್ಯೆ. ಮೊದಲ ದಿನ ಅಭ್ಯಾಸಕ್ಕೆ ಕೂರಿಸಿದರೆ ಇವನು ಗಡಗಡ ಹೇಳಿಬಿಟ್ಟ, ಆ ಹುಡುಗ ಪೆನ್ನು ಹಿಡಿದು ಕಣ್ಣು ಬಿಟ್ಟ. ಎಲ್ಲಿ ನಿಲ್ಲಿಸಬೇಕು, ಲೆಕ್ಕದಲ್ಲಿ ಮೇಲೆ ಏನು ಕೆಳಗೆ ಏನು, ಗೆರೆ ಎಲ್ಲಿಂದ ಎಲ್ಲಿಗೆ ಅಂತ ಬಾಯಲ್ಲಿ ಹೇಳೋದು ಕಲಿಯೋಕೆ ನಮಗೆ ಆರು ಭಾನುವಾರ ಹಿಡಿಯಿತು. ಇಬ್ಬರೂ ಜಗಳಾಡಿ, ಮಿರ್ಚಿ ತಿಂದು, ಮತ್ತೆ ಕೂತರು.

ಖರ್ಚು ಕೇಳುವವರಿಗೆ: ವಕೀಲರು, ಪ್ರಮಾಣಪತ್ರ, ಅಕ್ಕೋರು, ಮೂರಕ್ಕೂ ಒಂದು ಪೈಸೆ ಇಲ್ಲ. ಅಕ್ಕನಿಗೆ ಸಾದಾ ಬಸ್ಸಿನಲ್ಲಿ ಶಕ್ತಿ ಯೋಜನೆ, ಆಧಾರ್ ತೋರಿಸಿದರೆ ಆಯಿತು. ನನಗೆ ಒಂದು ಸಲ ಹೋಗಿ ಬರಲು ಊಟ ಸೇರಿ 200 ರೂಪಾಯಿ, ಅಂಥವು 23 ಸಲ. ಪ್ರೆಸ್ಸಿನಲ್ಲಿ 19 ದಿನದ ಪಗಾರ ಹೋಯಿತು, ದಿನಕ್ಕೆ 600. ಝೆರಾಕ್ಸ್, ಫೋಟೋ, ನೋಟರಿ ಎಲ್ಲ 800. ಒಟ್ಟು 16,800. ಪುಕ್ಕಟೆ ಅಂತ ಬೋರ್ಡು ಹಾಕಿದ ಕೆಲಸಕ್ಕೂ ಬಡವನ ದಿನಗೂಲಿ ಹೋಗುತ್ತದೆ, ಅದನ್ನು ಯಾರೂ ಲೆಕ್ಕ ಹಿಡಿಯೋದಿಲ್ಲ.

ಫಲಿತಾಂಶ ಬಂದು ವಾರವಾಯಿತು. ಕನ್ನಡದಲ್ಲಿ 125ಕ್ಕೆ 61. ಹಿಂದಿ ಹೇಗೋ ದಾಟಿದ. ಗಣಿತ ಹೋಯಿತು, ಬಾಯಿಲೆಕ್ಕದ ಹುಡುಗನಿಗೆ ಗಣಿತವೇ ಹೋಯಿತು, ಹಂತ ಹಂತವಾಗಿ ಹೇಳಿ ಬರೆಸೋದು ಇನ್ನೂ ಕೈಗೆ ಹತ್ತಿಲ್ಲ. ಪರೀಕ್ಷೆ-2ಕ್ಕೆ ಕಟ್ಟಬೇಕು. ಸ್ಕ್ರೈಬ್ ಅನುಮತಿಗೆ ಮತ್ತೆ ಹೊಸ ಅರ್ಜಿಯಂತೆ, ಹಳೆಯದು ನಡೆಯೋದಿಲ್ಲವಂತೆ. ನಾಳೆ ಹತ್ತೂವರೆಗೆ ಶಾಲೆಗೆ ಹೋಗುತ್ತೇನೆ, ಎರಡು ಪ್ರತಿ ತಯಾರಿವೆ.

ಮೊನ್ನೆ ಅಕ್ಕೋರ ಫೋನು ಬಂದಿತ್ತು. ವೀಕ್ಷಣಾಲಯದಲ್ಲಿ ಈಗ ಇನ್ನೂ ಮೂವರು ಹುಡುಗರನ್ನು ಪರೀಕ್ಷೆಗೆ ಕಳಿಸಿದ್ದಾರಂತೆ, ಕಿಟಕಿ ಕಾರ್ಡು ಹರಿದು ಹೋಗಿವೆಯಂತೆ. ‘ಈ ಸಲ ಸ್ವಲ್ಪ ದಪ್ಪಂದರಾಗ ಮಾಡ್ರಿ’ ಅಂದರು. ಲಗ್ನದ ಸೀಜನ್ನು, ತುಂಡಿಗೆ ಬರ ಇಲ್ಲ. ಶನಿವಾರ ರಾತ್ರಿ ಹುಡುಗನನ್ನೂ ಪ್ರೆಸ್ಸಿಗೆ ಕರೆದುಕೊಂಡು ಹೋಗಿದ್ದೆ. ಅಳತೆ ಅವನೇ ಹಾಕಿದ, ನಾನು ಕತ್ತರಿಸಿದೆ. 40 ಆದವು.